ಪಕ್ಕದ ಮಗ್ಗದವಳು

ಉದ್ದಕ್ಕನ ಗಂಟಲು ದೊಡ್ಡದು. ಅಡುಗೆಮನೆಯಲ್ಲಿ ನಿಂತು ಉಪ್ಪಿನ ಡಬ್ಬಿ ಕೊಡಿ ಎಂದರೂ ಬೀದಿ ತುದಿಯ ಅಂಗಡಿಯವನು ತಿರುಗಿ ನೋಡಬೇಕು, ಅಷ್ಟು. "ನಾನೇನು ಪಕ್ಕದೂರಲ್ಲಿದೀನಾ? ಇಲ್ಲೇ ಇದೀನಲ್ಲೇ!" ಎಂದು ಗಂಡ ಕಿವಿ ಮುಚ್ಚಿಕೊಳ್ಳುತ್ತಾನೆ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ದಿನವಿಡೀ ಇಂಜಿನ್ನಿನ ಸದ್ದು ಕೇಳಿ ಬಂದವನು ಕೂಡ ಹೆಂಡತಿಯ ಮುಂದೆ ಸೋತುಹೋಗಿದ್ದಾನೆ. ಆದರೆ ತಪ್ಪು ಅವಳದಲ್ಲ. ಮದುವೆಗೂ ಮುಂಚೆ ಬಟ್ಟೆ ಗಿರಣಿಯ ನೇಯ್ಗೆ ಶೆಡ್ಡಿಗೆ ಕಾಲಿಟ್ಟವಳು, ಈಗ ನೆತ್ತಿಯಲ್ಲಿ ಬಿಳಿಗೂದಲು. ಸಾಲುಸಾಲು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಆ ಶೆಡ್ಡಿನಲ್ಲಿ ಕಿವಿ ಇರುವುದು ಓಲೆ ಹಾಕಿಕೊಳ್ಳುವುದಕ್ಕೆ ಮಾತ್ರ. ಕೇಳಿಸಿಕೊಳ್ಳುವ ಕೆಲಸವೆಲ್ಲ ಕಣ್ಣಿನದು.

ಅಲ್ಲಿ ಹೆಂಗಸರು ತುಟಿಯಲ್ಲೇ ಮಾತಾಡುತ್ತಾರೆ. ಧ್ವನಿ ಬೇಕಿಲ್ಲ. ತುಟಿ ಅಗಲವಾಗಿ ಆಡಿಸಬೇಕು, ಎದುರಿನವಳು ನೋಡುತ್ತಿರಬೇಕು, ಅಷ್ಟೇ. ಮೇಸ್ತ್ರಿಯನ್ನು ಅವನ ಬೆನ್ನ ಹಿಂದೆಯೇ ನಿಂತು ಬಾಯಿ ತುಂಬ ಬೈದರೂ ಅವನಿಗೆ ಗೊತ್ತಾಗುವುದಿಲ್ಲ. ಆ ಸುಖ ಬೇರೆ ಯಾವ ನೌಕರಿಯಲ್ಲಿದೆ ಹೇಳಿ! ತುಟಿ ಕಾಣದಷ್ಟು ದೂರವಿದ್ದರೆ ಕೈಸನ್ನೆ. ಅದರಲ್ಲಿ ಒಂದು ಸನ್ನೆಗೆ ಎಲ್ಲಕ್ಕಿಂತ ಹೆಚ್ಚಿನ ಮರ್ಯಾದೆ. ಮಗ್ಗದಲ್ಲಿ ಎಳೆ ಕಡಿದರೆ ಮಗ್ಗ ನಿಲ್ಲುತ್ತದೆ, ನೇಯುವವಳು ಬಗ್ಗಿ ಕಡಿದ ತುದಿ ಹುಡುಕಿ ಗಂಟು ಹಾಕಬೇಕು. ಪಕ್ಕದವಳು ಏನಾಯಿತೆಂದು ತಿರುಗಿದರೆ ಬಗ್ಗಿದವಳು ಒಂದು ಕೈ ತಲೆಯ ಮೇಲೆತ್ತಿ ಎರಡು ಸಲ ಹೊರಕ್ಕೆ ಬೀಸುತ್ತಾಳೆ. ನನ್ನದು ನಾನು ನೋಡಿಕೊಳ್ಳುತ್ತೇನೆ, ನಿನ್ನದು ನೀನು ಓಡಿಸು ಎಂದು ಅರ್ಥ. ಆ ಸನ್ನೆ ಕಂಡ ಮೇಲೆ ಮುಖ ತಿರುಗಿಸಿಬಿಡಬೇಕು. ಆಮೇಲೂ ನೋಡುತ್ತ ನಿಂತರೆ, ನಿನಗೆ ಎಳೆ ಕಟ್ಟೋಕೂ ಬರಲ್ವಾ ಎಂದು ಮುಖಕ್ಕೆ ಹೊಡೆದ ಹಾಗೆ. ಅಷ್ಟೊತ್ತಿಗೆ ನಿನ್ನ ಮಗ್ಗದಲ್ಲೂ ಬಟ್ಟೆ ಕೆಟ್ಟಿರುತ್ತದೆ.

ಉದ್ದಕ್ಕನ ಎಡಗಡೆಯ ಮಗ್ಗ ಪಾದರಸಳದು. ಹೆಸರಿಟ್ಟವನು ಮೇಸ್ತ್ರಿ. ಇಲ್ಲಿದ್ದಾಳೆ ಎಂದರೆ ಅಲ್ಲಿರುತ್ತಿದ್ದಳು, ಅಲ್ಲಿ ನೋಡಿದರೆ ನಲ್ಲಿಯ ಹತ್ತಿರ ನಿಂತು ಯಾರದೋ ಕಾಲೆಳೆಯುತ್ತಿದ್ದಳು. ಉದ್ದಕ್ಕನ ಭುಜದವರೆಗೂ ಬಾರದ ಆಳು, ನಾಲಿಗೆ ಮಾತ್ರ ಮಾರುದ್ದ. ಇಬ್ಬರೂ ಒಂದೇ ವರ್ಷ ಸೇರಿದವರು. ಹೆರಿಗೆ, ಸಾವು, ಅತ್ತೆಯರ ಕಾಟ, ಮಗಳು ಮೊದಲ ಸಲ ಎದುರುತ್ತರ ಕೊಟ್ಟದ್ದು, ಎಲ್ಲವನ್ನೂ ಆ ಎರಡು ಮಗ್ಗಗಳ ನಡುವೆ, ಸದ್ದೇ ಇಲ್ಲದ ಮಾತಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡಿದ್ದರು. ಗಂಡನಿಗೆ ಹೇಳದ್ದನ್ನು ಉದ್ದಕ್ಕ ಅವಳಿಗೆ ಹೇಳಿದ್ದಾಳೆ. ಅವಳ ಸಣ್ಣ ಮುಖ ನೋಡದೆ ಹೋದ ದಿನ ಉದ್ದಕ್ಕನಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ.

ಓಟ ಶುರುವಾದದ್ದು ಬಸ್ಸಿನ ದೆಸೆಯಿಂದ. ಬೆಳಗಿನ ಪಾಳಿ ಬಿಟ್ಟ ಕೂಡಲೇ ಗಿರಣಿಯ ಗೇಟಿನಲ್ಲಿ ಒಂದು ಬಸ್ಸು, ತಪ್ಪಿದರೆ ಆಮೇಲೆ ಬಹಳ ಹೊತ್ತು ಇಲ್ಲ. ಇಬ್ಬರೂ ಬಟ್ಟೆಗೆ ಅಂಟಿದ ಹತ್ತಿಯ ನವಿರು ಕೂಡ ಕೊಡವದೆ ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಒಂದು ದಿನ ಬಸ್ಸು ಬರಲೇ ಇಲ್ಲ. ಪಾದರಸ, "ಇಷ್ಟು ಓಡಿದೀವಿ, ಮನೆವರೆಗೂ ಓಡೇಬಿಡೋಣ ಬಾರೇ" ಎಂದಳು. ಓಡಿದರು. ದಾರಿಯುದ್ದಕ್ಕೂ ಜನ ನಕ್ಕರು. ಉದ್ದಕ್ಕನ ಅತ್ತೆ ಬಾಗಿಲಲ್ಲೇ ನಿಂತು, "ಈ ವಯಸ್ಸಲ್ಲಿ ಇದೇನು ಹುಚ್ಚು ಹಿಡೀತೇ ನಿಮಗೆ?" ಎಂದು ಮೂಗು ಮುರಿದಳು. ಹುಚ್ಚು ಹಿಡಿದದ್ದು ನಿಜವೇ. ಆಮೇಲೆ ರಜೆಯ ದಿನ ಊರ ಹಿಂದಿನ ಬೆಟ್ಟ ಹತ್ತಿ ಇಳಿಯುವುದು ರೂಢಿಯಾಯಿತು. ಅಲ್ಲಿ ಗಾಳಿ ಬಿಟ್ಟರೆ ಬೇರೆ ಸದ್ದಿರಲಿಲ್ಲ, ಅವರಿಬ್ಬರೂ ಮಾತ್ರ ಅಲ್ಲೂ ತುಟಿಯಲ್ಲೇ ಮಾತಾಡುತ್ತಿದ್ದರು.

ಅಲ್ಲಿಂದ ಮುಂದೆ ದೊಡ್ಡ ಬೆಟ್ಟದ ಓಟ. ವರ್ಷಕ್ಕೊಮ್ಮೆ ನಡೆಯುವ ಜೋಡಿ ಓಟ ಅದು. ತಪ್ಪಲಿನ ಶಾಲೆಯ ಮೈದಾನದಲ್ಲಿ ಹೊರಟು, ಕಾಡು ದಾಟಿ, ಕಲ್ಲಿನ ಏರು ಹತ್ತಿ, ಎರಡು ಶಿಖರಗಳ ನಡುವಿನ ತಗ್ಗಿನಲ್ಲಿ ಹಗ್ಗ ಕಟ್ಟಿ ಮಾಡಿದ ಗೇಟು ದಾಟಬೇಕು. ಮಧ್ಯಾಹ್ನಕ್ಕೆ ಆ ಗೇಟು ಮುಚ್ಚುತ್ತದೆ. ಜೋಡಿಯಲ್ಲಿ ಇಬ್ಬರೂ ಒಟ್ಟಿಗೆ ದಾಟಬೇಕು, ಒಬ್ಬರು ಬಂದು ಒಬ್ಬರು ಬಾರದಿದ್ದರೆ ಇಬ್ಬರೂ ಹೊರಕ್ಕೆ. ಇವರು ಎರಡು ಸಲ ದಾಟಿದ್ದರು. ಬಹುಮಾನವೇನೂ ಇರಲಿಲ್ಲ. ಶೆಡ್ಡಿನಲ್ಲಿ ಎಲ್ಲರೂ ಓಡುತ್ತಿದ್ದ ಮಗ್ಗಗಳ ಮುಂದೆಯೇ ನಿಂತು ಚಪ್ಪಾಳೆ ತಟ್ಟಿದ್ದರು, ಸದ್ದು ಕೇಳಿಸದಿದ್ದರೂ ಕೈಗಳು ಕಂಡಿದ್ದವು.

ಆಮೇಲೆ ಪಾದರಸಳಿಗೆ ಕೆಮ್ಮು ಬಂತು. ಮೊದಲು ವಾರದ ರಜೆ ಮುಗಿಸಿ ಬಂದ ದಿನ ಮಾತ್ರ ಎದೆ ಬಿಗಿಯುತ್ತಿತ್ತು. ನಂತರ ಮರುದಿನವೂ. ನಂತರ ದಿನಾ. "ಕೆಲಸಕ್ಕೆ ಬರೋಕೆ ಬೇಜಾರು ಕಣೆ ಎದೆಗೆ, ನನ್ನ ಹಾಗೇ ಸೋಮಾರಿ" ಎಂದು ನಕ್ಕಳು. ಉದ್ದಕ್ಕನೂ ನಕ್ಕಳು. ಡಾಕ್ಟರು ಕೊಳವೆಯೊಳಗೆ ಊದಿಸಿದರು, ಇನ್ನೊಮ್ಮೆ ಊದಿಸಿದರು, ನಗಲಿಲ್ಲ. "ಹತ್ತಿಯ ದೂಳು ಒಳಗೆ ಕೂತಿದೆ. ಶೆಡ್ ಬಿಟ್ಟುಬಿಡಿ. ಬಿಟ್ಟರೆ ಇರೋ ಉಸಿರು ಉಳಿಯುತ್ತೆ. ಬಿಡದಿದ್ರೆ ಅದೂ ಹೋಗುತ್ತೆ" ಎಂದರು.

ಪಾದರಸಳ ಗಂಡ ಕ್ಷೌರಿಕ, ಮೃದು ಮಾತಿನ ಮನುಷ್ಯ. ಬೇಡಿಕೊಂಡ, ಸಿಟ್ಟು ಮಾಡಿದ, ಊಟ ಬಿಟ್ಟ. ಅವಳು ಹಿಡಿದ ಪಟ್ಟು ಬಿಡಲಿಲ್ಲ. "ಮನೇಲಿ ಕೂತ್ಕೊಂಡು ಏನು ಮಾಡ್ಲಿ, ಗೋಡೆ ಜೊತೆ ಮಾತಾಡ್ಲಾ?" ಎಂದಳು. ಕೊನೆಗೆ ಒಂದು ದಿನ ಅವನ ಮುಂದೆಯೂ ಉದ್ದಕ್ಕನ ಮುಂದೆಯೂ ತಾನೇ ಒಂದು ತೀರ್ಮಾನ ಹೇಳಿದಳು. "ಈ ಸಲ ಬೆಟ್ಟದ ಓಟ ಓಡ್ತೀನಿ. ಮೇಲಿನ ಗೇಟು ಟೈಮಿಗೆ ದಾಟಿದ್ರೆ ನನ್ನ ಎದೆ ಗಟ್ಟಿಯಾಗಿದೆ ಅಂತ ಅರ್ಥ, ಶೆಡ್ ಬಿಡೋ ಮಾತು ಯಾರೂ ಎತ್ತಬಾರ್ದು. ದಾಟದಿದ್ರೆ ನಾನೇ ಬಿಡ್ತೀನಿ. ಯಾರೂ ಹೇಳೋದು ಬೇಡ." ಅವಳು ಕೊಟ್ಟ ಮಾತಿಗೆ ತಪ್ಪುವವಳಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅದೇ ಕಷ್ಟವಾಗಿತ್ತು.

ಓಟದ ಹಿಂದಿನ ದಿನ ಉದ್ದಕ್ಕ ಕ್ಷೌರದ ಅಂಗಡಿಯ ಮುಂದೆ ಹಾದುಹೋಗುವಾಗ ಅವನು ಗಿರಾಕಿಯ ಅರ್ಧ ಮುಖಕ್ಕೆ ನೊರೆ ಹಚ್ಚಿದವನು ಬ್ರಷ್ಷು ಹಿಡಿದುಕೊಂಡೇ ಹೊರಗೆ ಬಂದ. "ಅಕ್ಕಾ, ನೀವು ಜೊತೇಲಿರ್ತೀರಲ್ಲ. ಅವಳನ್ನ ಕಣ್ಣಿಂದ ಆಚೆ ಬಿಡಬೇಡಿ. ದಾಟ್ತಾಳೋ ಬಿಡ್ತಾಳೋ, ನನಗೆ ಅವಳು ಬೇಕು ಅಷ್ಟೇ" ಎಂದ. ಉದ್ದಕ್ಕ, "ನಾನಿಲ್ವೇನಪ್ಪಾ, ಯಾಕೆ ಹೆದರ್ತೀಯಾ?" ಎಂದಳು. ಹೇಳುವಾಗಲೇ ಅವಳಿಗೆ ಒಳಗೊಳಗೆ ಚುಚ್ಚಿತು. ಏಕೆಂದರೆ ಅವಳಿಗೆ ಪಾದರಸ ಗೇಟು ದಾಟುವುದೇ ಬೇಕಿತ್ತು. ಎಡಗಡೆಯ ಮಗ್ಗದಲ್ಲಿ ಬೇರೆ ಮುಖ ನೋಡುವುದನ್ನು ಅವಳಿಂದ ನೆನೆಯಲೂ ಆಗುತ್ತಿರಲಿಲ್ಲ. ಡಾಕ್ಟರು ಹೇಳಿದ್ದು ಸರಿ ಎಂದು ತಲೆಗೆ ಗೊತ್ತು, ಆದರೆ ಮನಸ್ಸು ಯಾವತ್ತು ತಲೆಯ ಮಾತು ಕೇಳಿದೆ?

ಬೆಳಿಗ್ಗೆ ಮೈದಾನದಲ್ಲಿ ಚಳಿಯಿತ್ತು. ಪಾದರಸ ಎಂದಿನಂತೆ ಎಲ್ಲರನ್ನೂ ರೇಗಿಸುತ್ತಿದ್ದಳು. ಗಡಿಯಾರ ಉದ್ದಕ್ಕನ ಕೈಯಲ್ಲಿ ಮಾತ್ರ ಇತ್ತು. "ನನಗೆ ಬೇಡ, ಟೈಮ್ ನೋಡಿದ್ರೆ ಉಸಿರು ಕಟ್ಟುತ್ತೆ" ಎಂದು ಪಾದರಸ ತನ್ನದನ್ನು ಬಿಚ್ಚಿ ಗಂಡನಿಗೆ ಕೊಟ್ಟಿದ್ದಳು. ಸೀಟಿ ಊದಿದ ಮೇಲೆ ಕಾಡಿನ ಹಾದಿಯಲ್ಲಿ ಅವಳೇ ಮುಂದೆ. ಒಣಗಿದ ಎಲೆಗಳ ಮೇಲೆ ಹೆಜ್ಜೆಗಳು ಹಗುರಾಗಿ ಬೀಳುತ್ತಿದ್ದವು. ನೋಡಿದೆಯಾ, ಡಾಕ್ಟರಿಗೇನು ಗೊತ್ತು ಎಂದು ಉದ್ದಕ್ಕನ ಜೀವ ಹಿಗ್ಗಿತು. ತೊರೆಯ ಹತ್ತಿರ ನೀರು ಕುಡಿಯುವಾಗ ಪಾದರಸ ತಿರುಗಿ, ತುಟಿಯಲ್ಲಿ, "ಬಸ್ಸು ಬಂತು, ಓಡು!" ಎಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ಪಾದರಸಳಲ್ಲಿ ಕೆಮ್ಮಾಗಿ ಮುಗಿಯಿತು.

ಕಾಡು ಮುಗಿದು ಕಲ್ಲಿನ ಏರು ಶುರುವಾದಾಗ ಉದ್ದಕ್ಕ ಮುಂದಾದಳು. ಅಲ್ಲಿ ಹಾದಿ ಹಾವಿನಂತೆ ತಿರುವು ತಿರುವಾಗಿ ಹತ್ತುತ್ತದೆ. ಮೇಲಿನ ತಿರುವಿನಲ್ಲಿದ್ದವರಿಗೆ ಕೆಳಗಿನವರು ಕಾಣುತ್ತಾರೆ, ಆದರೆ ಗಾಳಿ ಬೀಸಿದರೆ ಕೂಗು ಕೇಳುವುದಿಲ್ಲ. ಹಾಗೆ ಒಂದು ತಿರುವಿನಲ್ಲಿ ಉದ್ದಕ್ಕ ಬಗ್ಗಿ ನೋಡಿದಾಗ ಪಾದರಸ ಕೆಳಗಿನ ಬಂಡೆಗೆ ಒರಗಿ ತಲೆ ತಗ್ಗಿಸಿ ನಿಂತಿದ್ದಳು. ಶೂ ಲೇಸು ಬಿಚ್ಚಿರಬೇಕು ಎನಿಸಿತು. ಅಷ್ಟರಲ್ಲಿ ಪಾದರಸ ಒಂದು ಕೈ ತಲೆಯ ಮೇಲೆತ್ತಿ ಎರಡು ಸಲ ಹೊರಕ್ಕೆ ಬೀಸಿದಳು. ನನ್ನದು ನಾನು ನೋಡಿಕೊಳ್ಳುತ್ತೇನೆ, ನಿನ್ನದು ನೀನು ಓಡಿಸು.

ಉದ್ದಕ್ಕ ತಿರುಗಿ ಹತ್ತತೊಡಗಿದಳು. ಯೋಚನೆಯನ್ನೇ ಮಾಡಲಿಲ್ಲ. ಇಷ್ಟು ವರ್ಷ ಆ ಸನ್ನೆ ಕಂಡಾಗಲೆಲ್ಲ ಮುಖ ತಿರುಗಿಸಿದ ಕತ್ತು, ಈಗಲೂ ತಾನಾಗಿ ತಿರುಗಿತು.

ಮೇಲಿನ ಗೇಟಿನಲ್ಲಿ ನಿವೃತ್ತ ಡ್ರಿಲ್ ಮೇಷ್ಟ್ರೊಬ್ಬರು ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಕುತ್ತಿಗೆಗೆ ಉಣ್ಣೆಯ ಮಫ್ಲರು. "ಜೋಡಿ ಎಲ್ಲಮ್ಮಾ?" ಎಂದು ಕೇಳಿದರು. "ಬರ್ತಿದಾಳೆ ಸಾರ್, ಹಿಂದೇನೇ ಇದಾಳೆ" ಎಂದಳು ಉದ್ದಕ್ಕ, ತನ್ನ ಎಂದಿನ ಗಂಟಲಿನಲ್ಲಿ. ಮೇಷ್ಟ್ರು ಬೆಚ್ಚಿ ಕುರ್ಚಿ ಸರಿಸಿಕೊಂಡರು. "ಬರ್ಲಿ ಬರ್ಲಿ, ಬೇಕಾದಷ್ಟು ಟೈಮಿದೆ."

ಅವಳು ಹಾದಿಯ ಕಡೆಗೇ ಕಣ್ಣು ನೆಟ್ಟು ನಿಂತಳು. ಒಂದು ಜೋಡಿ ಬಂತು, ಇನ್ನೊಂದು ಬಂತು. ಬೆವರು ಆರಿ ಮೈ ನಡುಗತೊಡಗಿತು. ಆಮೇಲೆ ಬಂದ ಅಪ್ಪ ಮಗಳ ಜೋಡಿಯಲ್ಲಿ ಮಗಳು ನಿಂತು, "ಆಂಟಿ, ನಿಮ್ಮ ಜೊತೆಯವರು ಕೆಳಗೆ ಬಂಡೆ ಹತ್ರ ಕೂತುಬಿಟ್ಟಿದಾರೆ. ಏನಾಯ್ತು ಅಂತ ಕೇಳಿದ್ವಿ. ಹೋಗಿ ಹೋಗಿ ಅಂತ ಕೈ ಮಾಡಿದ್ರು" ಎಂದಳು.

ಉದ್ದಕ್ಕನಿಗೆ ಆಗ ಆ ಸನ್ನೆ ನೆನಪಾಯಿತು. ಮಗ್ಗದಲ್ಲಾದರೆ ಕಡಿದ ಎಳೆ ಸಿಗುತ್ತದೆ, ಗಂಟು ಹಾಕಿದರೆ ಮಗ್ಗ ಮತ್ತೆ ನಡೆಯುತ್ತದೆ. ಇಲ್ಲಿ ಅವಳು ಯಾವ ಎಳೆ ಹುಡುಕುತ್ತಾಳೆ, ಎಲ್ಲಿ ಗಂಟು ಹಾಕುತ್ತಾಳೆ? ಎಂಥ ಕತ್ತೆ ನಾನು ಎಂದು ತನಗೆ ತಾನೇ ಬೈದುಕೊಂಡಳು. ಅದಕ್ಕಿಂತ ಕೆಟ್ಟ ಮಾತೂ ಹೊಳೆಯಿತು: ಸನ್ನೆಯನ್ನು ನಂಬಿದ್ದು ಅಭ್ಯಾಸಬಲದಿಂದ ಮಾತ್ರವಲ್ಲ, ನಂಬುವುದು ಬೇಕಾಗಿತ್ತು, ಅವಳು ಚೆನ್ನಾಗಿದ್ದಾಳೆ ಎನ್ನುವುದು ಬೇಕಾಗಿತ್ತು. ಮೇಷ್ಟ್ರು "ಅಮ್ಮಾ, ಜಾರುತ್ತೆ, ನಿಧಾನ!" ಎನ್ನುತ್ತಿದ್ದಂತೆ ಬಂದ ದಾರಿಯಲ್ಲೇ ಕೆಳಗೆ ಓಡಿದಳು.

ಪಾದರಸ ಬಂಡೆಗೆ ಬೆನ್ನು ಕೊಟ್ಟು, ಎರಡೂ ಅಂಗೈ ಮೊಣಕಾಲಿಗೆ ಊರಿ ಕೂತಿದ್ದಳು. ತುಟಿಗೆ ನೀಲಿ ಬಣ್ಣ ಬಂದಿತ್ತು. ಪ್ರತಿ ಉಸಿರಿಗೂ ಕೊರಳಿನ ಗುಳಿ ಒಳಕ್ಕೆ ಹೋಗುತ್ತಿತ್ತು. ಉದ್ದಕ್ಕ ಪಕ್ಕದಲ್ಲಿ ಮಂಡಿಯೂರಿದಳು. ನೀರು ಕುಡಿಸಿದಳು, ತನ್ನ ಜಾಕೆಟ್ಟು ಬಿಚ್ಚಿ ಹೊದಿಸಿದಳು, ಬೆನ್ನು ನೀವಿದಳು. ಸ್ವಲ್ಪ ಹೊತ್ತಿಗೆ ಉಸಿರು ಹದಕ್ಕೆ ಬಂತು. ಪಾದರಸ ತಲೆಯೆತ್ತಿದಳು.

"ಯಾಕೆ ಬಂದೆ? ಹೋಗು ಅಂದಿದ್ನಲ್ಲ" ಎಂದು ತುಟಿ ಆಡಿಸಿದಳು.

"ಸುಮ್ನಿರು."

"ಏನಿಲ್ಲ ಕಣೆ, ಸ್ವಲ್ಪ ದಮ್ಮು ಕಟ್ಟಿತ್ತು. ಎಬ್ಬಿಸು ನನ್ನ. ಕೈ ಹಿಡಿದು ಎಳ್ಕೊಂಡು ಹೋಗು. ಟೈಮ್ ಎಷ್ಟಾಯ್ತು?"

ಉದ್ದಕ್ಕ ಗಡಿಯಾರ ನೋಡಿದಳು. ಟೈಮಿತ್ತು. ಮೇಷ್ಟ್ರು ಹೇಳಿದಂತೆ ಬೇಕಾದಷ್ಟಿತ್ತು. ಗೇಟಿಗೆ ಉಳಿದದ್ದು ಇನ್ನು ಕೆಲವೇ ತಿರುವು. ಪಾದರಸಳದು ಹಕ್ಕಿಯಂಥ ಮೈ, ಕೈ ಹಿಡಿದು ಎಳೆದರೆ, ಬೇಕಿದ್ದರೆ ಹೆಗಲು ಕೊಟ್ಟರೆ, ಆರಾಮವಾಗಿ ದಾಟಿಸಬಹುದಿತ್ತು. ದಾಟಿಸಿದರೆ ನಾಳೆ ಎಡಗಡೆಗೆ ತಿರುಗಿದಾಗ ಅದೇ ಮುಖ, ಅದೇ ತುಂಟ ತುಟಿ. ನಾಡಿದ್ದೂ ಅದೇ. ಎಷ್ಟು ದಿನ? ಶೆಡ್ಡಿನ ಮೂಲೆಯ ಮಗ್ಗದಲ್ಲಿ ಒಬ್ಬ ಅಜ್ಜಿ ಇದ್ದಳು, ಇವರಿಬ್ಬರಿಗೂ ಎಳೆ ಕಟ್ಟಲು ಕಲಿಸಿದವಳು. ಕೊನೆಕೊನೆಗೆ ಅವಳಿಗೆ ಮಲಗಲು ಆಗುತ್ತಿರಲಿಲ್ಲ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ನೋಡಲು ಹೋದಾಗ ಮಾತಾಡಲು ಉಸಿರು ಸಾಲದೆ ತುಟಿ ಮಾತ್ರ ಆಡಿಸಿದ್ದಳು. ಆ ಮನೆಯಲ್ಲಿ ಆ ತುಟಿ ಓದಬಲ್ಲವರು ಇವರಿಬ್ಬರು ಬಿಟ್ಟರೆ ಯಾರೂ ಇರಲಿಲ್ಲ.

ಉದ್ದಕ್ಕ ಗಡಿಯಾರವನ್ನು ಅಂಗಿಯ ತೋಳಿನೊಳಗೆ ಸರಿಸಿಕೊಂಡಳು.

"ಮುಗೀತು ಕಣೆ. ಗೇಟು ಮುಚ್ಚಾಯ್ತು" ಎಂದಳು.

ಪಾದರಸ ಅವಳ ತುಟಿಯನ್ನೇ ನೋಡಿದಳು. "ಇನ್ನೊಂದ್ಸಲ ಹೇಳು."

"ಗೇಟು ಮುಚ್ಚಾಯ್ತು."

ಅಷ್ಟರಲ್ಲಿ ಕೆಳಗಿನ ತಿರುವಿನಿಂದ ಇಬ್ಬರು ಗಂಡಸರು ಏದುಸಿರು ಬಿಡುತ್ತ ಬಂದರು. ಅಂಚೆ ಕಚೇರಿಯ ಅಂಗಿ ತೊಟ್ಟ ಜೋಡಿ. ಮುಂದಿದ್ದವನು ನಿಂತು, "ಏಳಿ ಮೇಡಂ, ಇನ್ನೂ ಟೈಮಿದೆ, ದಾಟಬಹುದು, ಬನ್ನಿ!" ಎಂದು ಕೂಗಿದ. ಗಾಳಿ ಜೋರಾಗಿತ್ತು. ಮಗ್ಗ ತಿಂದು ಉಳಿಸಿದ ಪಾದರಸಳ ಕಿವಿಗೆ ಆ ಕೂಗು ತಲುಪಲಾರದು, ತಲುಪುವುದಿದ್ದರೆ ಕಣ್ಣಿಗೆ. ಉದ್ದಕ್ಕ ಥಟ್ಟನೆ ಎದ್ದು ಅವನ ಬಾಯಿಗೂ ಗೆಳತಿಯ ಕಣ್ಣಿಗೂ ನಡುವೆ ಬೆನ್ನು ಅಡ್ಡ ಮಾಡಿ ನಿಂತಳು. ಅವನಿಗೆ ಬೇಡ, ಹೋಗಿ ಎಂದು ತಲೆಯಾಡಿಸಿದಳು. ಅವರು ಹೋದರು. ತಿರುಗಿ ನೋಡಿದಾಗ ಪಾದರಸ ಮೊಣಕಾಲಿನ ನಡುವೆ ಮುಖ ಹುದುಗಿಸಿ ಅಳುತ್ತಿದ್ದಳು. ಹೆತ್ತ ತಾಯಿ ಸತ್ತಾಗಲೂ ಶೆಡ್ಡಿನಲ್ಲಿ ತುಟಿ ಕಚ್ಚಿ ನಿಂತಿದ್ದವಳು. ಉದ್ದಕ್ಕ ಪಕ್ಕದಲ್ಲಿ ಕೂತಳು. ಅವಳಿಗೂ ಅಳು ಬಂತು, ತಡೆಯಲಿಲ್ಲ.

ಕೊನೆಯ ಓಟಗಾರರ ಹಿಂದೆ ಬರುವ ಸ್ವಯಂಸೇವಕರು ಬಂದು ಇವರ ಎದೆಯ ಮೇಲಿನ ನಂಬರು ಬಿಚ್ಚಿಕೊಂಡು, ಆಸರೆ ಕೊಟ್ಟು ಕೆಳಗಿಳಿಸಿದರು. ಮೈದಾನದಲ್ಲಿ ಪಾದರಸಳ ಗಂಡ ಓಡಿ ಬಂದು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ದಾಟ್ಲಿಲ್ಲ ಕಣ್ರೀ. ಬಿಟ್ಟೆ ಶೆಡ್" ಎಂದಳು ಅವಳು, ಅಷ್ಟೇ.

ಮಾತಿನಂತೆ ಬಿಟ್ಟಳು. ಆ ವಾರವೇ ಎಡಗಡೆಯ ಮಗ್ಗಕ್ಕೆ ಹೊಸಬಳು ಬಂದಳು. ಒಳ್ಳೆಯ ಹುಡುಗಿ, ಕೈ ಚುರುಕು, ತುಟಿ ಓದುವುದು ಮಾತ್ರ ಇನ್ನೂ ಬರದು. ಉದ್ದಕ್ಕ ಮರೆತು ತಿರುಗಿ ಏನೋ ಹೇಳಿಬಿಡುತ್ತಿದ್ದಳು, ಹುಡುಗಿ ಪಿಳಿಪಿಳಿ ಕಣ್ಣು ಬಿಡುತ್ತಿದ್ದಳು. ಉದ್ದಕ್ಕ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡು ಬರುತ್ತಿದ್ದಳು. ಮನೆಯಲ್ಲಿ ಮಾತು ಕಡಿಮೆಯಾಯಿತು. ಉಪ್ಪಿನ ಡಬ್ಬಿಯನ್ನು ತಾನೇ ಎದ್ದು ತೆಗೆದುಕೊಂಡಳು. "ಯಾಕೇ, ಗಂಟಲು ಕೆಟ್ಟಿದ್ಯಾ?" ಎಂದು ಗಂಡ ಗಾಬರಿಯಿಂದ ಕೇಳಿದ.

ಪಾದರಸ ಊರಾಚೆಯ ಗಿಡಗಳ ನರ್ಸರಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ ಎಂದು ಕ್ಷೌರದವನು ಹೇಳಿದ. ಉಸಿರು ಪರವಾಗಿಲ್ಲ, ಮೆಟ್ಟಿಲು ಹತ್ತುತ್ತಾಳೆ, ಆದರೆ ನಗುವುದಿಲ್ಲ ಎಂದ. ಉದ್ದಕ್ಕ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುವುದು? ತಿಂಗಳುಗಳೇ ಕಳೆದ ಮೇಲೆ ಒಂದು ರಜೆಯ ಮಧ್ಯಾಹ್ನ ಕಾಲು ತಾನಾಗಿ ಆ ಕಡೆ ನಡೆಯಿತು.

ಪಾದರಸ ಸಾಲು ಸಾಲು ಸಸಿಗಳ ನಡುವೆ ಕುಕ್ಕರಗಾಲಿನಲ್ಲಿ ಕೂತು ಕುಂಡಕ್ಕೆ ಮಣ್ಣು ತುಂಬುತ್ತಿದ್ದಳು. ಕೆನ್ನೆಗೆ ಬಣ್ಣ ಬಂದಿತ್ತು. ಉದ್ದಕ್ಕನನ್ನು ನೋಡಿದಳು, ಏಳಲಿಲ್ಲ. ಒಂದು ಖಾಲಿ ಕುಂಡ ಬೋರಲು ಹಾಕಿ ಮುಂದೆ ತಳ್ಳಿದಳು. ಉದ್ದಕ್ಕ ಅದರ ಮೇಲೆ ಕೂತಳು. ಎಲೆ ಅಲುಗಿದರೂ ಕೇಳುವಷ್ಟು ನಿಶ್ಶಬ್ದವಿತ್ತು. ಪಾದರಸ ಧ್ವನಿಯಿಲ್ಲದೆ, ತುಟಿ ಅಗಲವಾಗಿ ಆಡಿಸಿ ಕೇಳಿದಳು.

"ಅವತ್ತು ಆ ಅಂಚೆಯವರು ಬಂದಾಗ ಅಡ್ಡ ನಿಂತೆ ನೀನು. ಇಷ್ಟು ವರ್ಷದಲ್ಲಿ ಒಂದು ದಿನ ನನ್ನ ಕಣ್ಣಿಗೆ ಅಡ್ಡ ನಿಂತವಳಲ್ಲ. ನಿಜ ಹೇಳು. ಟೈಮಿತ್ತಾ?"

ಉದ್ದಕ್ಕ ಅವಳ ಮುಖ ನೋಡಿದಳು. ಸುಳ್ಳು ಹೇಳುವುದಿದ್ದರೆ ತಲೆ ತಗ್ಗಿಸಬೇಕಿತ್ತು, ತಗ್ಗಿಸಲಿಲ್ಲ.

"ಇತ್ತು" ಎಂದಳು.

ಪಾದರಸ ಮಣ್ಣಿನ ಕೈಯನ್ನು ತೊಡೆಗೆ ಒರೆಸಿಕೊಂಡಳು. ಬಾಗಿದ್ದ ಒಂದು ಸಸಿಯನ್ನು ನೆಟ್ಟಗೆ ನಿಲ್ಲಿಸಿದಳು. ಆಮೇಲೆ ಮತ್ತೆ ಈ ಕಡೆ ತಿರುಗಿದಳು.

"ನಾನಾಗಿದ್ದಿದ್ರೆ ನಿನ್ನನ್ನ ಎಳ್ಕೊಂಡೇ ಹೋಗ್ತಿದ್ದೆ. ಸತ್ರೆ ಸಾಯ್ಲಿ ಅಂತ ದಾಟಿಸ್ತಿದ್ದೆ. ಪಕ್ಕದಲ್ಲಿ ನೀನಿಲ್ದೆ ನಿಲ್ಲೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ ಕಣೆ."

"ನನ್ನ ಕೈಲೂ ಆಗ್ತಿಲ್ಲ" ಎಂದಳು ಉದ್ದಕ್ಕ.